ಗಾಳಿಗೆ ಅಲುಗದ ಟಿಕೆಟ್ಟು

ಆ ಮಂಗಳವಾರ ಬೆಳಿಗ್ಗೆ ನಮ್ಮೂರಿನಲ್ಲಿ ಬೀಸಿದ್ದು ಆಷಾಢದ ಗಾಳಿ. ಮಳೆಯ ಒಂದು ಹನಿಯಿಲ್ಲ, ಮೋಡಗಳು ಮಾತ್ರ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎನ್ನುವ ಹಾಗೆ ಮೂಡಣಕ್ಕೆ ಓಡುತ್ತಿದ್ದವು. ಒಣಗಲು ಹಾಕಿದ್ದ ಪಂಚೆಗಳು ಪಕ್ಕದ ಮನೆಯ ಹಿತ್ತಲು ಸೇರಿದ್ದವು. ಹಪ್ಪಳ ಹರವಿದ್ದ ನೀಲಮ್ಮ ಚಾಪೆಯ ಮೂರು ಮೂಲೆಗೆ ಗುಂಡುಕಲ್ಲು ಹೇರಿ, ನಾಲ್ಕನೆಯ ಮೂಲೆಯ ಮೇಲೆ ತಾನೇ ಕುಳಿತಿದ್ದಳು. ಈಶ್ವರನ ಗುಡಿಯಲ್ಲಿ ನಾನು ಹಚ್ಚಿದ ದೀಪ ಮೂರು ಸಲ ಆರಿತು. ನಾಲ್ಕನೆಯ ಸಲ ಅಂಗೈ ಮರೆಮಾಡಿ ಅದನ್ನು ನಿಲ್ಲಿಸಿ, ಅವನಿಗೆ ಕೈಮುಗಿದು ಹೊರಗೆ ಬಂದೆ. ಗಾಣದ ಬೀದಿಯಲ್ಲಿ ತರಗೆಲೆ, ಹಳೆಯ ಕಾಗದ, ಕೋಳಿಪುಕ್ಕ, ಯಾರದೋ ಟೋಪಿ ಎಲ್ಲವೂ ಒಂದೇ ದಿಕ್ಕಿಗೆ ಹೊರಟಿದ್ದವು. ಬೀದಿಯ ನಡುವೆ ಒಂದು ಗುಲಾಬಿ ಬಣ್ಣದ ಟಿಕೆಟ್ಟು ಮಾತ್ರ ಬಿದ್ದಲ್ಲೇ ಬಿದ್ದಿತ್ತು. ಅದರ ಅಂಚು ಕೂಡ ಏಳುತ್ತಿರಲಿಲ್ಲ. ಅದರ ಪಕ್ಕದಲ್ಲಿ, ಮುತ್ತುಗದ ಊಟದೆಲೆ ಹಚ್ಚಿ ಮಾರುವ ಚನ್ನಾಜಮ್ಮ ತಲೆತುಂಬ ಸೆರಗು ಹೊದ್ದು ಕುಳಿತಿದ್ದಳು.

ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅದು ನಮ್ಮೂರಿನ ಗುಣ. ಕೊಂಡ ವಸ್ತುವನ್ನು ಮೈ ಬೆವರದೆ, ಇದ್ದದ್ದು ಇದ್ದ ಹಾಗೆಯೇ ಹೆಚ್ಚು ಬೆಲೆಗೆ ಮಾರಿದರೆ ಇಲ್ಲಿ ಅದು ಭಾರವಾಗುತ್ತದೆ. ಭಾರ ಮಾರಿದವನ ಮೇಲೆ ಬೀಳುವುದಿಲ್ಲ, ಕೊಂಡವನ ಕೈ ಜಗ್ಗುತ್ತದೆ. ಅದೂ ಕೂಡಲೇ ಅಲ್ಲ, ಹೆಪ್ಪು ಹಾಕಿದ ಹಾಲು ಮೊಸರಾಗುವಷ್ಟು ಹೊತ್ತು ಹಿಡಿಯುತ್ತದೆ. ಹೆಚ್ಚಿಗೆ ತೆಗೆದುಕೊಂಡವರು ಅದನ್ನು ಹಿಂದಕ್ಕೆ ಕೊಟ್ಟರೆ ಇಳಿಯುತ್ತದೆ. ಬಳೆಗಾರ ಎರಡು ಹರದಾರಿ ನಡೆದು ಬಂದು ತೊಡಿಸುವ ಬಳೆ ಹಗುರವಾಗಿಯೇ ಇರುತ್ತದೆ, ಅವನ ಕಾಲಿನ ದುಡಿಮೆ ಅದರಲ್ಲಿದೆ. ಕಾಳಿನಂಗಡಿಯವರು ಕಲ್ಲು ಆರಿಸಿ, ಹೊಟ್ಟು ತೂರಿ ಮಾರುತ್ತಾರೆ. ಸುಮ್ಮನೆ ಮೂಟೆ ಬಚ್ಚಿಟ್ಟು ಮಾರಿದ ಹೊರಗಿನವನೊಬ್ಬನ ಹೆಸರುಕಾಳು ನಮ್ಮ ಹೆಂಗಸರ ಮೊರದ ತಳವನ್ನೇ ಕಿತ್ತು ಹಾಕಿತ್ತು. ಹೊಸ ಸೀರೆ ತಂದರೆ ನಮ್ಮ ಹೆಣ್ಣುಮಕ್ಕಳು ಅದನ್ನು ಒಂದು ದಿನ ಗೂಟಕ್ಕೆ ತೂಗುಹಾಕಿ, ಗೂಟ ಬಾಗದಿದ್ದರೆ ಆಮೇಲೆ ಉಡುತ್ತಾರೆ. ಬೇರೆ ಊರವರಿಗೆ ಇದು ಸೋಜಿಗ. ನಮಗೆ ಬಾವಿಯ ನೀರು ಸ್ವಲ್ಪ ಚೌಳು ಎನ್ನುವಂಥ ಒಂದು ಸಂಗತಿ, ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದೂ ಊರು ಹಾಗೆ ಮೈಮರೆತದ್ದು ಸಿರಿಯಪ್ಪದಾಸರ ಹರಿಕಥೆಯ ಸಲುವಾಗಿ. ಇಪ್ಪತ್ತೆರಡು ವರ್ಷದ ಹಿಂದೆ ಅವರು ನಮ್ಮೂರಿನಲ್ಲಿ ಒಂದು ಕಥೆ ಮಾಡಿದ್ದರು. ಗೌರವ್ವ ಎನ್ನುವ ಕುಂಬಾರಗಿತ್ತಿ ದಿನವೂ ಕೆರೆಯಿಂದ ಬೆಟ್ಟದ ಗುಡಿಗೆ ಅಭಿಷೇಕದ ನೀರು ಹೊರುತ್ತಾಳೆ. ಒಂದು ದಿನ ಹೋದಾಗ ಗುಡಿಯ ಬಾಗಿಲು ಒಳಗಿನಿಂದ ಹಾಕಿದೆ. ಕೊಡ ಸೊಂಟದ ಮೇಲೆ, ಬಿಸಿಲು ನೆತ್ತಿಯ ಮೇಲೆ. ಬಾಗಿಲು ತಟ್ಟುವುದಕ್ಕೆ ಗೌರವ್ವ ಕೈ ಎತ್ತಿದಳು ಎಂದು ದಾಸರು ತಮ್ಮ ಕೈಯನ್ನೂ ಎತ್ತಿದ್ದೇ, ಆಲಿಕಲ್ಲು ಮಳೆ ಬಂತು. ಚಪ್ಪರ ಹಾರಿತು, ಜನ ಚದುರಿದರು. ಮತ್ತೆ ಬಂದಾಗ ಮುಗಿಸುತ್ತೇನೆ ಎಂದು ಹೋದ ದಾಸರು ಬರಲೇ ಇಲ್ಲ. ಅಂದಿನಿಂದ ಊರಿನಲ್ಲಿ ಎರಡು ಪಂಗಡವಾಯಿತು, ಅವಳು ತಟ್ಟಿದಳು ಎನ್ನುವವರದೊಂದು, ತಟ್ಟಲಿಲ್ಲ ಎನ್ನುವವರದೊಂದು. ಚೌರದಂಗಡಿಯಲ್ಲಿ, ರಾಗಿ ಮಿಲ್ಲಿನಲ್ಲಿ, ಹೆಣ್ಣು ನೋಡಲು ಹೋದ ಕಡೆಯಲ್ಲಿ ಕೂಡ ಆ ಮಾತು ಬಂದು ಸೇರುತ್ತಿತ್ತು.

ಚನ್ನಾಜಮ್ಮನ ಮನೆಯಲ್ಲಿ ಎರಡು ಪಂಗಡವೂ ಇದ್ದವು. ಎಲೆಯ ರಾಶಿಯ ಆಚೆ ಗಂಡ ಬೊಮ್ಮಯ್ಯ, ಈಚೆ ಇವಳು. ಕಡ್ಡಿ ಚುಚ್ಚುತ್ತ ಎಲೆ ಹಚ್ಚುತ್ತ ಇಬ್ಬರೂ ಹದಿನೆಂಟು ವರ್ಷ ಅದೇ ಜಗಳ ಆಡಿದರು. ತಟ್ಟದೆ ಏನು ಮಾಡುತ್ತಾಳೆ, ನೀರು ಹೊತ್ತ ಹೆಂಗಸಿಗೆ ಸೊಂಟ ನೋಯುವುದಿಲ್ಲವೇ ಎಂದು ಇವಳು. ಅವಳು ತಟ್ಟುವ ಪೈಕಿಯಲ್ಲ ಕಣೇ ಎಂದು ಅವನು. ನಾಲ್ಕು ವರ್ಷದ ಹಿಂದೆ ಬೊಮ್ಮಯ್ಯ ತೀರಿಕೊಂಡ. ಜ್ವರದಲ್ಲಿ ಮಾತು ತೊದಲುವಾಗಲೂ ಇದನ್ನೇ ಹೇಳಿ, ದಾಸರು ಬಂದರೆ ಕೇಳಿಕೊಂಡು ಬಾ ಎಂದಿದ್ದನಂತೆ. ಈಗ ದಾಸರಿಗೆ ಎಂಬತ್ತು ದಾಟಿ ಉಸಿರು ಸಾಲದು. ಇದೊಂದು ಊರಿನ ಬಾಕಿ ತೀರಿಸಿ ತಾಳ ಕೆಳಗಿಡುತ್ತೇನೆ ಎಂದು ಹೇಳಿ ಕಳಿಸಿದ್ದರು. ಇನ್ನೊಂದು ಸಲ ಎನ್ನುವುದು ಇರಲಿಲ್ಲ.

ದಾಸರ ದನಿ ದೂರ ಮುಟ್ಟದ ಕಾರಣ ಬಯಲಿನ ಸುತ್ತ ಬಿದಿರ ತಟ್ಟಿ ಕಟ್ಟಿ ಮುನ್ನೂರು ಜನಕ್ಕೆ ಮಾತ್ರ ಜಾಗ ಎಂದು ಹರಿಕಥಾ ಸಮಿತಿ ಗೊತ್ತು ಮಾಡಿತು. ಟಿಕೆಟ್ಟಿಗೆ ನಾಲ್ಕು ರೂಪಾಯಿ, ಒಬ್ಬರಿಗೆ ಎರಡೇ. ಮಾರುವ ಕೆಲಸ ನನಗೆ ಬಂತು. ಗುಡಿಯ ಪೂಜೆ ಮಾಡುವವನು, ಸುಳ್ಳು ಆಡುವವನಲ್ಲ ಎಂಬ ನಂಬಿಕೆಯಿಂದ ಕೊಟ್ಟ ಕೆಲಸ ಅದು. ಗುಡಿಯ ಜಗಲಿಯ ಮೇಲೇ ಕುಳಿತು ಮಾರಿದೆ. ಶನಿವಾರ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಕೈಯಲ್ಲಿ ಮೂರು ಟಿಕೆಟ್ಟು ಉಳಿದಿದ್ದವು. ಎದುರಿಗೆ ಗಾರೆ ಕೆಲಸದ ತಿಪ್ಪೇಶಿ ನಿಂತಿದ್ದ. ಎರಡು ಕೊಟ್ಟೆ. ಇನ್ನೊಂದು ಕೊಡಿ, ನಾದಿನಿ ಬರುತ್ತಾಳೆ ಎಂದ. ಆಗದು ಎಂದೆ. ಅವನು ಐದು ರೂಪಾಯಿ ತೆಗೆದು, ನಾಲ್ಕು ರೂಪಾಯಿ ಟಿಕೆಟ್ಟಿಗೆ, ಒಂದು ರೂಪಾಯಿ ಸ್ವಾಮಿಯ ದೀಪದ ಎಣ್ಣೆಗೆ ಎಂದ. ನಾನು ಹಿಂದೆ ತಿರುಗಿ ನೋಡಿದೆ. ದೀಪದಲ್ಲಿ ಬತ್ತಿ ಸಣ್ಣಗೆ ಚುರುಗುಟ್ಟುತ್ತಿತ್ತು. ಆ ರೂಪಾಯಿ ನನಗಲ್ಲವಲ್ಲ, ಸ್ವಾಮಿಗಲ್ಲವೇ ಎಂದುಕೊಂಡು ತೆಗೆದುಕೊಂಡು ಮೂರನೆಯದನ್ನೂ ಕೊಟ್ಟೆ. ಸಂಜೆಯೇ ಎಣ್ಣೆ ತರಿಸಿ ಸುರಿದೆ, ಒಂದು ಹನಿಯನ್ನೂ ಮನೆಗೆ ಒಯ್ಯಲಿಲ್ಲ. ಟಿಕೆಟ್ಟು ಮುಗಿಯಿತು ಎಂದು ನಾನು ಏಳುವಾಗ ತಿಪ್ಪೇಶಿಯ ಬೆನ್ನ ಹಿಂದೆ ಎಲೆಯ ಹೊರೆಯೊಂದು ಕಂಡಿತು. ಹೊರೆಯ ಕೆಳಗೆ ಚನ್ನಾಜಮ್ಮ ಇದ್ದಳು. ಮುಗೀತಾ ಅಯ್ನೋರೆ ಎಂದಳು. ಮುಗೀತು ತಾಯಿ ಎಂದೆ. ಅವಳು ಹೋದ ಮೇಲೆ ನನಗೆ ಊಟ ಸೇರಲಿಲ್ಲ. ಆದರೂ ಎಣ್ಣೆಯ ನೆಪ ಹೇಳಿಕೊಂಡು ಮನಸ್ಸನ್ನು ಮಲಗಿಸಿದೆ.

ನಾದಿನಿ ಬರಲಿಲ್ಲ. ಒಂದು ರೂಪಾಯಿಯ ಭಾರ ಗಾರೆ ಹೊರುವ ಕೈಗೆ ತಿಳಿಯಲಿಲ್ಲ, ಮೂರನೆಯ ಟಿಕೆಟ್ಟನ್ನು ತಿಪ್ಪೇಶಿ ಸೋಮವಾರ ಬೆಳಿಗ್ಗೆ ಬಾಡಿಗೆ ಸೈಕಲ್ ಅಂಗಡಿಯ ಓಬಳಪ್ಪನಿಗೆ ಹತ್ತು ರೂಪಾಯಿಗೆ ಕೊಟ್ಟ. ಓಬಳಪ್ಪ ಅದನ್ನು ಮಧ್ಯಾಹ್ನದ ತನಕ ಇಟ್ಟುಕೊಂಡು ಚನ್ನಾಜಮ್ಮನಿಗೆ ನಲವತ್ತಕ್ಕೆ ಮಾರಿದ. ಅವನ ಅಂದಾಜು ಸರಿಯಾಗಿಯೇ ಇತ್ತು. ಹರಿಕಥೆ ಅದೇ ಸಂಜೆ ಇತ್ತು, ಭಾರ ಹೆಪ್ಪುಗಟ್ಟುವುದರೊಳಗೆ ಮುದುಕಿ ಬಯಲಿನ ಒಳಗೆ ಕುಳಿತಿರುತ್ತಾಳೆ. ಟಿಕೆಟ್ಟು ಮಾರಿಕೊಂಡ ಇನ್ನೂ ಏಳೆಂಟು ಮಂದಿಯ ಅಂದಾಜೂ ಅದೇ. ಆದರೆ ದಾಸರ ಗಾಡಿಯ ಅಚ್ಚು ದಾರಿಯಲ್ಲಿ ಮುರಿಯಿತು. ಹರಿಕಥೆ ನಾಳೆ ಮಧ್ಯಾಹ್ನ ಮೂರು ಗಂಟೆಗೆ ಎಂದು ಸಂಜೆ ಡಂಗುರ ಹೊಡೆಸಿದರು. ಬಯಲಿನಿಂದ ಮನೆಗೆ ಹಿಂದಿರುಗುವಾಗ ಗಾಣದ ಬೀದಿಯಲ್ಲಿ ಚನ್ನಾಜಮ್ಮನ ಸೆರಗಿನ ಗಂಟು ಕೆಳಗೆ ಜಗ್ಗಿತಂತೆ. ನಾಲ್ಕು ಹೆಜ್ಜೆ ಎಳೆದಳಂತೆ. ಸೀರೆ ಹರಿಯುವ ಸದ್ದಾದಾಗ ಗಂಟು ಬಿಚ್ಚಿ ಅಲ್ಲೇ ಇಟ್ಟು, ಮನೆಗೆ ಹೋಗಿ, ಬೆಳಗಾಗುತ್ತಲೇ ಬಂದು ಪಕ್ಕದಲ್ಲಿ ಕುಳಿತಿದ್ದಳು.

ನಾನು ಹತ್ತಿರ ಹೋಗಿ ಬಗ್ಗಿ ಟಿಕೆಟ್ಟಿನ ಮೂಲೆಗೆ ಉಗುರು ಕೊಟ್ಟೆ. ರುಬ್ಬುವ ಕಲ್ಲಿಗೆ ಉಗುರು ಕೊಟ್ಟ ಹಾಗಾಯಿತು.

"ಬಿಡಿ ಅಯ್ನೋರೆ, ಉಗುರು ಕಿತ್ತೋದಾವು," ಎಂದಳು ಚನ್ನಾಜಮ್ಮ. "ನಂಗೆ ಗೊತ್ತಿಲ್ದೆ ಏನಲ್ಲ. ನಲವತ್ತು ಅಂದಾಗ್ಲೇ ಭಾರ ಆಯ್ತದೆ ಅಂತ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ, ತಗಂಡೆ."

ಮೂರು ಗಂಟೆಗೆ ಮುಂಚೆ ಏನಾದರೂ ಮಾಡೋಣ ಎಂದು ನಾನು ಹೇಳಿದೆ. ಏನು ಮಾಡುತ್ತೇನೆ ಎಂಬುದು ನನಗೇ ತಿಳಿದಿರಲಿಲ್ಲ. ತಿಳಿದಿತ್ತು ಎಂದರೂ ಸುಳ್ಳಲ್ಲ.

ಬಯಲಿನ ಬಾಗಿಲೆಂದರೆ ಎರಡು ಬಿದಿರು ಗಳ, ಅವುಗಳ ಮೇಲೊಂದು ಅಡ್ಡಗಳ, ಅದಕ್ಕೆ ಸಮಿತಿಯ ಹೆಸರಿನ ಬಟ್ಟೆ. ಗಳಗಳನ್ನು ಮರಳು ತುಂಬಿದ ಡಬ್ಬಗಳಲ್ಲಿ ನಿಲ್ಲಿಸಿದ್ದರು. ಟಿಕೆಟ್ಟು ಬಾಗಿಲಲ್ಲಿ ಹರಿದರೆ ಮಾತ್ರ ಒಳಗೆ ಬಿಡಬೇಕು, ಹರಿದ ಅರ್ಧ ತಗಡಿನ ಪೆಟ್ಟಿಗೆಗೆ ಬೀಳಬೇಕು, ಅದು ನಿಯಮ. ಎರಡು ಗಂಟೆಗೆ ನಾನು ಬಾಗಿಲಲ್ಲಿ ನಿಂತೆ. ನ್ಯಾಯದ ಬೆಲೆಗೆ ಕೊಂಡವರು ಸರಾಗ ಒಳಗೆ ಹೋದರು. ಒಂದು ಸಲ ಬೆಲೆ ಏರಿದ ಟಿಕೆಟ್ಟುಗಳೂ ಬಂದವು, ಒಂದೊಂದೂ ಇಟ್ಟಿಗೆಯಷ್ಟು ತೂಕ. ಒಬ್ಬ ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತು ತಂದ. ಗಂಡ ಹೆಂಡತಿ ಒಂದನ್ನು ಚಾದರದಲ್ಲಿ ತೊಟ್ಟಿಲ ಹಾಗೆ ತೂಗಿಕೊಂಡು ಬಂದರು. ಅವನ್ನೆಲ್ಲ ಅಡಕತ್ತರಿಯಲ್ಲಿ ಕತ್ತರಿಸಿ ಒಳಗೆ ಬಿಟ್ಟೆ. ಸಮಿತಿಯ ಯಜಮಾನ ಮಹಾರುದ್ರಪ್ಪನವರು ಪಕ್ಕದಲ್ಲಿ ನಿಂತು ತಲೆ ಅಲ್ಲಾಡಿಸುತ್ತಿದ್ದರು. ಚನ್ನಾಜಮ್ಮನ ಸಂಗತಿ ಅವರಿಗೆ ಹೇಳಿ, ಟಿಕೆಟ್ಟಿಲ್ಲದೆ ಬಿಟ್ಟುಬಿಡೋಣವೇ ಎಂದು ಕೇಳಿದೆ. ಅವರು ಒಳ್ಳೆಯ ಮನುಷ್ಯರು, ಆದರೆ ಬೇಲಿಯಾಚೆ ಟಿಕೆಟ್ಟಿಲ್ಲದ ಇನ್ನೂರು ಜನ ನಿಂತು ನೋಡುತ್ತಿದ್ದರು. ಒಬ್ಬರನ್ನು ಬಿಟ್ಟರೆ ಅವರಿಗೆ ಏನು ಹೇಳುವುದು ಎಂದು ಅವರೂ ತೊಳಲಾಡಿದರು. ಕೊನೆಗೆ ತಾವೇ ಹೇಳಿದರು:

"ಟಿಕೀಟು ಬಾಗ್ಲಿಗೆ ಬರಬೇಕು ಅಂತ ತಾನೇ ನಿಯಮ ಇರೋದು? ಬಾಗ್ಲು ಟಿಕೀಟಿನ ಹತ್ರ ಹೋಗಬಾರ್ದು ಅಂತ ಎಲ್ಲೂ ಬರ್ದಿಲ್ವಲ್ಲ. ಎತ್ರಯ್ಯ."

ನಾಲ್ಕು ಜನ ಬಾಗಿಲನ್ನು ಎತ್ತಿದರು. ಗಾಳಿಗೆ ಅದರ ಬಟ್ಟೆ ಹಾಯಿಯ ಹಾಗೆ ಉಬ್ಬಿ ಹೊತ್ತವರನ್ನೇ ಎಳೆದುಕೊಂಡು ಹೋಯಿತು. ಹಿಂದೆ ನಾನು, ಪೆಟ್ಟಿಗೆ, ಅಡಕತ್ತರಿ. ನಮ್ಮ ಹಿಂದೆ, ಇನ್ನೂ ಒಳಗೆ ಹೋಗಬೇಕಿದ್ದ ನೂರಾರು ಜನ. ಬಾಗಿಲೇ ಇಲ್ಲದೆ ಒಳಗೆ ಹೋಗುವುದು ಹೇಗೆಂದು ಅವರೂ ಬಂದರು. ಗಾಣದ ಬೀದಿಯಲ್ಲಿ ಬಾಗಿಲನ್ನು ಟಿಕೆಟ್ಟಿನ ಮುಂದೆ ನಿಲ್ಲಿಸಿದಾಗ ಚನ್ನಾಜಮ್ಮ ಮೇಲೆ ನೋಡಿ, ನನ್ನ ಮದುವೇಲೂ ಇಷ್ಟು ಜನ ಬಂದಿರಲಿಲ್ಲ ಎಂದಳು. ಜನ ನಕ್ಕರು.

ಅಡಕತ್ತರಿ ಕಚ್ಚಲಿಲ್ಲ. ಗುಂಪಿನಲ್ಲಿದ್ದ ತಿಪ್ಪೇಶಿ, ತಾನು ಮಾರಿದ ಟಿಕೆಟ್ಟೇ ಅದು ಎಂದು ತಿಳಿಯದೆ, ಉಳಿ ಸುತ್ತಿಗೆ ತಂದು ಹೊಡೆದ. ಉಳಿಯ ಬಾಯಿ ಮಡಚಿತು, ಕಾಗದಕ್ಕೆ ಗೀರು ಬೀಳಲಿಲ್ಲ. ಒಂದೇ ಕೈ ದಾಟಿದ ಭಾರ ಇದಲ್ಲ, ಯಾರು ಕೊಟ್ಟದ್ದು ಎಂದು ಮಹಾರುದ್ರಪ್ಪನವರು ಕೇಳಿದರು. ಚನ್ನಾಜಮ್ಮ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಸೈಕಲ್ ಅಂಗಡಿ ಎದುರಿಗೇ ಇತ್ತು. ಓಬಳಪ್ಪ ಟ್ಯೂಬಿಗೆ ಪಂಕ್ಚರ್ ಹಾಕುವವನ ಹಾಗೆ ತಲೆ ತಗ್ಗಿಸಿ ಕುಳಿತಿದ್ದ. ಟ್ಯೂಬು ಮಾತ್ರ ಕೈಯಲ್ಲಿರಲಿಲ್ಲ.

"ನಾನೇನು ಕುತ್ತಿಗೆ ಹಿಡ್ದು ಮಾರಿದ್ನಾ?" ಎಂದು ಅವನು ಅಲ್ಲಿಂದಲೇ ಕೂಗಿದ. "ಅಜ್ಜಿನೇ ಬಂದು ಕೇಳ್ತು. ಕೇಳಿ ನೋಡಿ ಬೇಕಾದ್ರೆ."

"ಹೂಂ ಕಣಪ್ಪ, ನಾನೇ ಕೇಳ್ದೆ," ಎಂದಳು ಚನ್ನಾಜಮ್ಮ, ಕೋಪವಿಲ್ಲದೆ. "ಮೂವತ್ತಕ್ಕೆ ಕೊಡು ಅಂತಲೂ ಕೇಳ್ದೆ. ಅದು ನಿಂಗೆ ಕೇಳಿಸ್ಲಿಲ್ಲ."

ಗುಂಪಿನಿಂದ ಒಬ್ಬ, ಓಬಳಣ್ಣನ ಸೈಕಲ್ಲೂ ಹಂಗೇ, ಹತ್ತೋವಾಗ ಗಾಳಿ ಇರ್ತದೆ, ಇಳಿಯೋವಾಗ ಇರಲ್ಲ ಎಂದ. ನಗೆ ಎದ್ದಿತು. ನಗೆಗಿಂತ ಹೊತ್ತು ದೊಡ್ಡದಾಗಿತ್ತು, ಮೂರು ಗಂಟೆಗೆ ಕಾಲು ಗಂಟೆ ಇತ್ತು. ಬಾಗಿಲು ಇಲ್ಲೇ ನಿಂತಿರುವ ತನಕ ಯಾರೂ ಒಳಗೆ ಹೋಗುವಂತಿಲ್ಲ. ಇಪ್ಪತ್ತೆರಡು ವರ್ಷ ಕಾದವರು ಓಬಳಪ್ಪನನ್ನು ನೋಡುತ್ತ ನಿಂತರು. ಅವನ ಹೆಂಡತಿಯೂ ಗುಂಪಿನಲ್ಲಿದ್ದಳು, ತಟ್ಟುವ ಪಂಗಡದವಳು. ಅವಳೇ ಅಂಗಡಿಯೊಳಗೆ ಹೋಗಿ ಗಲ್ಲಾಪೆಟ್ಟಿಗೆಯಿಂದ ಮೂವತ್ತು ರೂಪಾಯಿ ತಂದು ಗಂಡನ ಕೈಗೆ ಹಾಕಿದಳು. ಅವನು ಎದ್ದು ಬಂದು ಅದನ್ನು ಚನ್ನಾಜಮ್ಮನ ಮಡಿಲಿಗೆ ಇಟ್ಟ. ಟಿಕೆಟ್ಟಿನ ಒಂದು ಅಂಚು ಗಾಳಿಗೆ ಎದ್ದಿತು. ನಂಗೆ ತಿಪ್ಪೇಶಿ ಹತ್ತಕ್ಕೆ ಕೊಟ್ಟಿದ್ದು ಎಂದು ಓಬಳಪ್ಪ ಗೊಣಗಿದ. ತಿಪ್ಪೇಶಿ ಕೈಯಲ್ಲಿದ್ದ ಉಳಿಯನ್ನೂ ನೆಲದ ಮೇಲಿದ್ದ ಟಿಕೆಟ್ಟನ್ನೂ ಸರದಿಯಂತೆ ನೋಡಿದ. ತಾನು ಮಾರಿದ್ದನ್ನೇ ತಾನು ಉಳಿಯಲ್ಲಿ ಹೊಡೆದೆನೇ ಎಂದು ಮುಖ ಸಣ್ಣ ಮಾಡಿಕೊಂಡು, ಪಕ್ಕದವನಲ್ಲಿ ಒಂದು ರೂಪಾಯಿ ಕಡ ಪಡೆದು ಐದು ರೂಪಾಯಿ ಮಾಡಿ ಕೊಟ್ಟ. ಇನ್ನೊಂದು ಅಂಚೂ ಎದ್ದಿತು. ಮೂಲೆಗಳು ನಾಲ್ಕೂ ಪಟಪಟ ಬಡಿಯತೊಡಗಿದವು.

ಆದರೆ ನಡುಭಾಗ ನೆಲ ಬಿಡಲಿಲ್ಲ. ಒಂದು ಮೊಳೆ ಹೊಡೆದು ಕೂರಿಸಿದ ಹಾಗೆ ಅದೊಂದು ಜಾಗ ಕಚ್ಚಿಕೊಂಡಿತ್ತು. ಎಳೆದರೆ ಹರಿದು ಚೂರಾಗುತ್ತಿತ್ತು, ಚೂರಿಗೆ ಪ್ರವೇಶವಿಲ್ಲ.

"ಇನ್ನೂ ಯಾರದೋ ಐತೆ," ಎಂದರು ಮಹಾರುದ್ರಪ್ಪನವರು. ತಿಪ್ಪೇಶಿಯ ಕಡೆ ತಿರುಗಿ, "ನೀನು ಯಾರ ಹತ್ರ ತಗಂಡಿದ್ದೋ?"

ತಿಪ್ಪೇಶಿ ನನ್ನನ್ನು ನೋಡಿದ. ನೋಡಿ, ಕಣ್ಣು ಕೆಳಗೆ ಹಾಕಿದ. ಗುಡಿಯ ಅಯ್ಯನವರ ಹೆಸರನ್ನು ಹೇಳುವ ಬದಲು ಉಳಿಯ ಮಡಚಿದ ಬಾಯಿಯನ್ನು ಬೆರಳಿನಿಂದ ಸವರತೊಡಗಿದ. ಬಯಲಿನ ಕಡೆಯಿಂದ ಮೊದಲ ಶಂಖ ಕೇಳಿಸಿತು. ಮೂರನೆಯ ಶಂಖಕ್ಕೆ ದಾಸರು ಎದ್ದು ನಿಲ್ಲುತ್ತಾರೆ. ನಾನು ಸುಮ್ಮನಿದ್ದರೂ ಆಗುತ್ತಿತ್ತು. ಬಾಗಿಲನ್ನು ಹಿಂದಕ್ಕೆ ಒಯ್ಯುತ್ತಿದ್ದರು, ಮುದುಕಿ ಒಬ್ಬಳು ಕಥೆ ಕೇಳದೆ ಉಳಿಯುತ್ತಿದ್ದಳು, ನನ್ನ ಹೆಸರು ಉಳಿಯುತ್ತಿತ್ತು. ಎಣ್ಣೆ ಉರಿದು ಹೋಗಿದೆ, ಅದು ನನ್ನ ಹೊಟ್ಟೆಗೆ ಇಳಿದಿಲ್ಲ ಎಂದು ಮನಸ್ಸು ಮತ್ತೆ ಶುರುಮಾಡಿತು. ಆಗ ಆ ಟಿಕೆಟ್ಟಿನ ನಡುವನ್ನು ನೋಡಿದೆ. ಒಂದು ರೂಪಾಯಿಯ ಅಗಲಕ್ಕೆ ಅದು ನೆಲಕ್ಕೆ ಅಂಟಿತ್ತು. ಆ ಒಂದು ಜಾಗದಲ್ಲಿ ನಾನು ಈಶ್ವರನನ್ನೇ ಕೂರಿಸಿ, ಅವನ ಬೆನ್ನ ಹಿಂದೆ ಅಡಗಿದ್ದೆ. ಅದಕ್ಕೇ ಇಷ್ಟು ಭಾರ.

ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ಸೊಂಟದ ಚೀಲದಲ್ಲಿ ಕೈಯಾಡಿಸಿದೆ. ಎರಡು ರೂಪಾಯಿಯ ಒಂದೇ ನಾಣ್ಯ ಸಿಕ್ಕಿತು. ಅದನ್ನೇ ಅವಳ ಅಂಗೈಗೆ ಇಟ್ಟೆ.

"ಮೊದಲು ಹೆಚ್ಚಿಗೆ ತಗಂಡೋನು ನಾನು ತಾಯಿ. ಒಂದು ರೂಪಾಯಿ. ಸ್ವಾಮಿ ದೀಪದ ಎಣ್ಣೆಗೆ ಅಂತ ತಗಂಡೆ, ಸಾಲಲ್ಲಿ ನೀನಿದ್ದದ್ದು ನೋಡ್ಲಿಲ್ಲ," ಎಂದೆ. ಹತ್ತಿರ ನಿಂತವರಿಗೆ ಕೇಳಿಸಿತು, ಹಿಂದಿನವರಿಗೆ ಅವರು ಹೇಳಿದರು. ಯಾರೂ ನಗಲಿಲ್ಲ.

ಚನ್ನಾಜಮ್ಮ ನಾಣ್ಯವನ್ನು ಮಡಿಲಿನ ದುಡ್ಡಿನ ಜೊತೆ ಸೇರಿಸಿದಳು.

"ಎಣ್ಣೆ ಬೇಕಿದ್ರೆ ನನ್ನೇ ಕೇಳಬಾರ್ದಿತ್ತೇನಪ್ಪ? ನನ್ನ ಕೈಯಾರೆ ಕೊಡ್ತಿದ್ದೆ. ಈಗ ನಾನೇ ಕೊಟ್ಟಂಗಾಯ್ತು, ಆದ್ರೆ ಕೊಟ್ಟ ಪುಣ್ಯ ನಂಗೆ ಬರ್ಲಿಲ್ಲ."

ಹೇಳುತ್ತಿದ್ದ ಹಾಗೆ ಅವಳ ಕೈ ತಟ್ಟನೆ ನೆಲಕ್ಕೆ ಬಿತ್ತು. ಟಿಕೆಟ್ಟು ಹಾರಿಯೇಬಿಟ್ಟಿತ್ತು, ಒಂದು ಗೇಣು ಮೇಲೇರಿದ್ದನ್ನು ಅವಳು ಕೋಳಿಮರಿ ಹಿಡಿಯುವವಳ ಹಾಗೆ ಒತ್ತಿ ಹಿಡಿದಳು. ನನ್ನ ಎದೆಯಲ್ಲಿ ಮೂರು ದಿನದಿಂದ ಕುಳಿತಿದ್ದದ್ದು ಅದೇ ಹೊತ್ತಿಗೆ ಎದ್ದು ಹೋಯಿತು. ಬಾಗಿಲ ಕೆಳಗೆ ನಿಂತು ಆ ಗುಲಾಬಿ ಕಾಗದವನ್ನು ನಾನು ಹರಿದೆ. ಅದು ಸುಖವಾಗಿ ಹರಿಯಿತು. ಅಷ್ಟು ಹಗುರವಾದ ಸದ್ದನ್ನು ನಾನು ಮತ್ತೆ ಕೇಳಿಲ್ಲ. ಜನ ಬಾಗಿಲನ್ನು ಹೊತ್ತುಕೊಂಡು ಓಡಿದರು, ಬಾಗಿಲ ಕೆಳಗೇ ಚನ್ನಾಜಮ್ಮನೂ ನಡೆದಳು. ಎರಡನೆಯ ಶಂಖಕ್ಕೆ ಎಲ್ಲರೂ ಒಳಗಿದ್ದರು.

ಸಿರಿಯಪ್ಪದಾಸರು ನಮಸ್ಕಾರವನ್ನೂ ಮಾಡಲಿಲ್ಲ, ಪೀಠಿಕೆಯನ್ನೂ ಹೇಳಲಿಲ್ಲ. ಎದ್ದು ನಿಂತು ಕೈಯನ್ನು ಎತ್ತಿ, ಇಪ್ಪತ್ತೆರಡು ವರ್ಷದ ಹಿಂದೆ ನಿಲ್ಲಿಸಿದ ಜಾಗಕ್ಕೇ ಬಂದರು. ಎತ್ತಿದ ಕೈಯನ್ನು ಗೌರವ್ವ ಬಾಗಿಲಿಗೆ ತಟ್ಟಲಿಲ್ಲ. ಒಳಗಿರುವವನಿಗೆ ನಿದ್ದೆ ಕೆಟ್ಟೀತು ಎಂದು ಕೈ ಇಳಿಸಿದಳು, ಕೊಡವನ್ನು ಮೆಟ್ಟಿಲ ಮೇಲೆ ಇಟ್ಟು ಕುಳಿತಳು. ಪಕ್ಕದಲ್ಲಿ ಯಾರೋ ದಾರಿಹೋಕ, ಮೈಯೆಲ್ಲ ಬೂದಿ, ಒಣಗಿದ ತುಟಿ. ಅವ್ವಾ, ಬೆಳಗಿನಿಂದ ನಾನೂ ಹೊರಗೇ ಇದ್ದೀನಿ, ಒಂದು ಬೊಗಸೆ ನೀರು ಹಾಕು ಎಂದ. ಗಾಳಿ ಅಷ್ಟು ಹೊತ್ತು ನಿಂತಿತ್ತು ಎಂದು ನನಗೆ ನೆನಪು, ನೆನಪು ತಪ್ಪಿದ್ದರೂ ಇರಬಹುದು. ಚನ್ನಾಜಮ್ಮ ಮುಂದಿನ ಸಾಲಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಕಣ್ಣಿನಿಂದ ನೀರು ಹರಿಯುತ್ತಿತ್ತು.

ಅದಾದ ವಾರದಲ್ಲಿ ಸಮಿತಿ ಕೂತು ಒಂದು ಹಲಗೆ ಬರೆಸಿತು, ಇವತ್ತಿಗೂ ಅದು ಗುಡಿಯ ಜಗಲಿಯ ಮೇಲಿದೆ. ಒಬ್ಬರಿಗೆ ಎರಡೇ ಟಿಕೆಟ್ಟು, ಕೊಂಡವರ ಹೆಸರು ಅದರ ಮೇಲೆ. ಬರಲಾಗದವರು ಮೊದಲ ಶಂಖದ ತನಕ ಟಿಕೆಟ್ಟನ್ನು ಮಾರಿದವನಿಗೇ ತಂದು ಕೊಡಬೇಕು, ಕೊಟ್ಟ ಬೆಲೆ ಪೂರ್ತಿ ಹಿಂದಕ್ಕೆ. ಹಾಗೆ ಬಂದ ಟಿಕೆಟ್ಟು ಎಡಗಡೆಯ ಸಾಲಿನಲ್ಲಿ ಕಾಯುವವರಿಗೆ, ಅದೇ ಬೆಲೆಗೆ. ಬೆಲೆಯ ಜೊತೆಗೆ ಎಣ್ಣೆಗೆ, ಹೂವಿಗೆ ಎಂದು ಏನನ್ನೂ ಸೇರಿಸಕೂಡದು. ಕೊನೆಯದನ್ನು ನಾನೇ ಹೇಳಿ ಬರೆಸಿದೆ, ಹುಂಡಿಯನ್ನು ಜಗಲಿಯಿಂದ ಹತ್ತು ಮಾರು ಆಚೆಗೆ ಇಡಿಸಿದೆ. ಟಿಕೆಟ್ಟು ಮಾರುವ ಕೆಲಸ ಬೇರೆಯವರಿಗೆ ಕೊಡಿ ಎಂದೆ. ಮಹಾರುದ್ರಪ್ಪನವರು, ಒಂದು ಸಲ ಭಾರ ಹೊತ್ತವನಿಗೆ ತೂಕ ಗೊತ್ತಿರುತ್ತದೆ, ನೀವೇ ಮಾರಿ ಎಂದರು. ನಾನೇ ಮಾರುತ್ತಿದ್ದೇನೆ.

ಆ ದಿನ ಮಂಗಳಾರತಿ ಆಗಿ ಜನ ಕರಗುತ್ತಿದ್ದರು. ತಟ್ಟದ ಪಂಗಡದವರು ಹೆಗಲ ಮೇಲೆ ಕೈ ಹಾಕಿಕೊಂಡು ಹೋದರೆ, ತಟ್ಟುವವರು ಅವರಿಗಿಂತ ಹೆಚ್ಚು ಖುಷಿಯಲ್ಲಿದ್ದ ಹಾಗೆ ಕಂಡಿತು. ನಾನು ಬಾಗಿಲಲ್ಲಿ ತಗಡಿನ ಪೆಟ್ಟಿಗೆಯನ್ನು ಮಗುಚುತ್ತಿದ್ದೆ. ಚನ್ನಾಜಮ್ಮ ಬಂದಳು.

"ಸೋತೆ ಕಣಪ್ಪ," ಎಂದಳು. "ಆವಯ್ಯ ಹೇಳಿದ್ದೇ ಸರಿ. ಇನ್ನು ನಾ ಸಾಯೋ ತನಕ ಎಲೆ ಹಚ್ಚೋವಾಗೆಲ್ಲ ನಗ್ತಾನೆ ಕುಂತ್ಕಂಡು."

ಹಾಗೆಂದವಳು ಮನೆಯ ದಾರಿ ಹಿಡಿಯಲಿಲ್ಲ. ಬೇಲಿಯ ಹತ್ತಿರ ಕಡಲೆಕಾಯಿ ಮಾರುವವನ ಬಳಿ ಹೋಗಿ ಏನೋ ಕೇಳಿದಳು. ಅವನು ಅಲ್ಯುಮಿನಿಯಂ ಡಬ್ಬಿ ಅಲುಗಿಸಿ ಹುಡುಕಿದ. ತಿರುಗಿ ಬಂದು ನನ್ನ ಕೈ ಹಿಡಿದು, ಅಂಗೈ ಬಿಡಿಸಿ, ಅದರೊಳಗೆ ಒಂದು ರೂಪಾಯಿ ಇಟ್ಟು, ಬೆರಳುಗಳನ್ನು ತಾನೇ ಮಡಚಿದಳು. ಸೆರಗು ಸರಿಮಾಡಿಕೊಂಡು ಹೊರಟಳು.